ಎದೆಗೂಡಿನ ಕಿಟಕಿ

ದೋಣಿಗಟ್ಟಿ ಬಸ್ ನಿಲ್ದಾಣದ ಎದುರಿಗಿರುವ ನೀಲಗಂಗವ್ವನ ಖಾನಾವಳಿಯಲ್ಲಿ ಊಟಕ್ಕೆ ಕುಳಿತವರಿಗೆ ಅಡುಗೆಮನೆ ಕಾಣುವುದಿಲ್ಲ, ಕೇಳಿಸುತ್ತದೆ. ನಡುವೆ ಒಂದೇ ಗೋಡೆ. ಅದರಾಚೆ ಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುತ್ತಿರುತ್ತದೆ. ಸದ್ದು ನಿಂತರೆ ರೊಟ್ಟಿ ಹಂಚಿಗೆ ಹೋಯಿತೆಂದು ಅರ್ಥ. ಚುರ್ ಎನ್ನುತ್ತದೆ, ಸ್ವಲ್ಪ ಹೊತ್ತಿಗೆ ಬಡಿತ ಮತ್ತೆ ಶುರುವಾಗುತ್ತದೆ. ಖಾಯಂ ಗಿರಾಕಿಗಳು ಆ ಲೆಕ್ಕದಲ್ಲೇ ಪಲ್ಯ ಉಳಿಸಿಕೊಳ್ಳುತ್ತಾರೆ.

ಆ ವರ್ಷದ ಚಳಿಗಾಲದಲ್ಲಿ ಸದ್ದು ರೊಟ್ಟಿಯ ನಟ್ಟನಡುವೆ ನಿಲ್ಲತೊಡಗಿತು. ಚುರ್ ಎನ್ನುವುದೂ ಇಲ್ಲ, ಬಡಿತ ಶುರುವಾಗುವುದೂ ಇಲ್ಲ.

"ಕಸ್ತೂರಿ, ನಿಮ್ಮತ್ತಿ ಒಳಗ ನಿದ್ದಿ ಹೊಡ್ಯಾಕತ್ತಾಳೇನು?" ಎಂದು ಡಿಪೊದ ಕಂಡಕ್ಟರ್ ಒಬ್ಬ ಕೇಳಿದ.

ಬಡಿಸುತ್ತಿದ್ದ ಸೊಸೆ ಕಸ್ತೂರಿ ತಾಟು ಅಲ್ಲೇ ಇಟ್ಟು ಒಳಗೆ ಹೋದಳು. ನೀಲಗಂಗವ್ವ ಗೋಡೆಗೆ ಒರಗಿ, ಹಿಟ್ಟಿನ ಕೈಯನ್ನೇ ಎದೆಗೆ ಒತ್ತಿಕೊಂಡಿದ್ದಳು. ತುಟಿ ಬೆಳ್ಳಗಾಗಿತ್ತು.

"ಏನಾತ್ರೀ ಅತ್ತಿ?"

"ಏನಿಲ್ಲ. ಹೊಗಿ."

"ಹೊಗಿ ಎಲ್ಲದ? ಗ್ಯಾಸಿನ ಒಲಿ ಐತಿ."

"ಹಂಗಾರ ಗ್ಯಾಸ್ ಇರಬೇಕು ತಗೊ."

ಅದು ಗ್ಯಾಸ್ ಅಲ್ಲವೆಂದು ವಿಜಯಪುರದಲ್ಲಿ ತೆಗೆಸಿದ ಆಂಜಿಯೋಗ್ರಾಮ್ ಹೇಳಿತು. ಹೃದಯಕ್ಕೆ ರಕ್ತ ಒಯ್ಯುವ ಮೂರೂ ನಾಳಗಳು ಸಂದಿಗೊಂದಿಯಲ್ಲಿ ಕಟ್ಟಿಕೊಂಡಿದ್ದವು. ಜೊತೆಗೆ ಹಳೆಯ ಸಕ್ಕರೆ ಕಾಯಿಲೆ. ಒಂದೆರಡು ಕಡೆ ಅಡ್ಡಿಯಿದ್ದರೆ ಸ್ಟೆಂಟ್ ಹಾಕಬಹುದಿತ್ತು. ತುದಿಯಲ್ಲಾದರೂ ನಾಳ ಅಗಲವಾಗಿದ್ದರೆ ಬೈಪಾಸ್ ಮಾಡಿ ಹೊಸ ನಾಳ ಹೊಲಿಯಬಹುದಿತ್ತು. ಇಲ್ಲಿ ಎರಡಕ್ಕೂ ಜಾಗವಿರಲಿಲ್ಲ. ಉಳಿದದ್ದು ಮಾತ್ರೆ, ನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳುವ ಗುಳಿಗೆ. ಮತ್ತೊಂದು ದಾರಿಯೆಂದರೆ ದೋಣಿಗಟ್ಟಿ ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಅಲೆಮಂಚ.

ಮೂತ್ರಪಿಂಡದ ಕಲ್ಲನ್ನು ಹೊರಗಿನಿಂದಲೇ ಒಡೆಯುವ ಆಘಾತ ಅಲೆ ಅನೇಕರಿಗೆ ಗೊತ್ತು. ಅದೇ ಜಾತಿಯ ಅಲೆಯ ಬಲವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿ, ರಕ್ತ ಸಾಲದೆ ಸೊರಗಿದ ಹೃದಯ ಸ್ನಾಯುವಿನ ಮೇಲೆ ನೆಟ್ಟರೆ ಅದು ಏನನ್ನೂ ಒಡೆಯುವುದಿಲ್ಲ. ಜೀವಕೋಶಗಳನ್ನು ಸಣ್ಣಗೆ ಎಳೆದು ಬಿಡುತ್ತದೆ. ಎಳೆತಕ್ಕೆ ಎಚ್ಚೆತ್ತ ಕೋಶಗಳು ಹೊಸ ಕಿರುನಾಳ ಬೇಕೆಂಬ ರಾಸಾಯನಿಕ ಸಂದೇಶ ಹೊರಡಿಸುತ್ತವೆ. ವಾರಗಳು ಕಳೆದಂತೆ ಕೂದಲಿಗಿಂತ ತೆಳ್ಳಗಿನ ನಾಳಗಳು ಚಿಗುರುತ್ತವೆ. ಎದೆ ಸೀಳಬೇಕಿಲ್ಲ, ಅರಿವಳಿಕೆ ಬೇಕಿಲ್ಲ. ಎರಡು ಎಚ್ಚರಿಕೆ ಮಾತ್ರ ಬೇಕು. ಪ್ರತಿ ಏಟೂ ಇಸಿಜಿ ಗೆರೆಯ ಶಿಖರಕ್ಕೆ ಸರಿಯಾಗಿ, ಹೃದಯದ ಲಯ ಕೆಡದ ಕ್ಷಣದಲ್ಲೇ ಬೀಳಬೇಕು. ಅಲೆ ಗಾಳಿ ತುಂಬಿದ ಶ್ವಾಸಕೋಶಕ್ಕೆ ತಾಗದೆ ಪಕ್ಕೆಲುಬುಗಳ ನಡುವಿನ ಸಂದಿನಿಂದ ಒಳಹೋಗಬೇಕು. ಆ ಸಂದನ್ನು ವೈದ್ಯರು ಕಿಟಕಿ ಎನ್ನುತ್ತಾರೆ.

ಮೊದಲು ಇದು ದೊಡ್ಡ ನಗರದ ಚಿಕಿತ್ಸೆಯಾಗಿತ್ತು. ಗುರಿ ಹಿಡಿಯುವ ಕೆಲಸವನ್ನು ದೂರದಿಂದಲೇ ಮಾಡಬಲ್ಲ ಯಂತ್ರ ಬಂದ ಮೇಲೆ ಹನ್ನೊಂದು ತಾಲ್ಲೂಕುಗಳಲ್ಲಿ ಹನ್ನೊಂದು ಮಂಚ ಕುಳಿತವು. ಎಲ್ಲಕ್ಕೂ ಸೇರಿ ಧಾರವಾಡದಲ್ಲಿ ಒಂದೇ ನಿಯಂತ್ರಣ ಕೊಠಡಿ. ತಾಲ್ಲೂಕಿನಲ್ಲಿ ಒಬ್ಬ ನರ್ಸ್, ಒಂದು ಮಂಚ, ಒಂದು ಪರದೆ.

ಕ್ರಮ ಸರಳವಾಗಿತ್ತು. ಮೂರು ಸುತ್ತು, ಪ್ರತಿ ಸುತ್ತಿಗೆ ಮೂರು ಸಲ ಮಂಚ, ಸುತ್ತುಗಳ ನಡುವೆ ಮೂರು ವಾರ ಬಿಡುವು. ಎರಡನೆಯ ಸುತ್ತಿನ ಬಳಿಕ ರಕ್ತದ ಹರಿವು ತೋರಿಸುವ ಸ್ಕ್ಯಾನ್. ಅದರಲ್ಲಿ ಬೆಳವಣಿಗೆ ಕಾಣದಿದ್ದರೆ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಮಂಚ ಸಾಲಿನಲ್ಲಿ ಮುಂದಿರುವವರಿಗೆ. ಬಿಟ್ಟವರಿಗೆ ಎರಡನೆಯ ಅವಕಾಶ ಇರಲಿಲ್ಲ.

"ಅಂದ್ರ ನಾಪಾಸ್ ಆದ್ರ ಸಾಲಿ ಬಿಡಿಸ್ತೀರಿ," ಎಂದಳು ನೀಲಗಂಗವ್ವ.

"ಹಂಗಲ್ಲ ಅವ್ವಾರ," ಎಂದರು ಡಾ. ಮಂದಾಕಿನಿ ಪಡಸಲಗಿ. ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ಅವರೇ. ಊರು ಅಥಣಿ. ಪ್ರತಿ ರೋಗಿಯ ಮೊದಲ ದಿನ ತಾವೇ ಬಂದು ಎದೆಯ ನಕ್ಷೆ ತೆಗೆಯುವುದು ಅವರ ಪದ್ಧತಿ. "ನಿಮ್ಮ ದೇಹ ಸ್ಪಂದಿಸಬೇಕು, ಅಷ್ಟ."

"ನನ್ನ ದೇಹ ಯಾರ ಮಾತಿಗೂ ಇಲ್ಲ ಅಂದದ್ದಿಲ್ಲ ಬಿಡ್ರಿ. ರೊಟ್ಟಿ ಬಡಿಯೋಳಿಗೆ ಎದಿ ಬಡಿಯೋ ಮಷಿನ್. ಬಡೀರಿ ನೋಡೋಣು."

ಮಂದಾಕಿನಿ ಅವಳ ಎಡಗೈ ಎತ್ತಿಸಿ ತಲೆಯ ಹಿಂದೆ ಇರಿಸಿದರು. ಕೊರಳಿನ ಶಿವದಾರದಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಎದೆಯ ಮೇಲೆ ಕುಳಿತಿತ್ತು. ಅದನ್ನು ಮೆಲ್ಲಗೆ ಬಲ ಭುಜಕ್ಕೆ ಸರಿಸಿದರು. ಜೆಲ್ ಹಚ್ಚಿ, ಪಕ್ಕೆಲುಬುಗಳ ನಡುವೆ ಕಿಟಕಿ ಹುಡುಕಿ ನಕ್ಷೆ ತೆಗೆದರು. ಮೊದಲ ಸಲದ ಏಟುಗಳೂ ಅಂದೇ ಮುಗಿದವು. ನೋವಾಯಿತೇ ಎಂದು ಕೇಳಿದ್ದಕ್ಕೆ, "ಮೊಮ್ಮಗ ಬೆರಳಿನಿಂದ ಚಿಮ್ಮಿದಂಗಾತು" ಎಂದಳು.

ಎರಡನೆಯ ಸಲದಿಂದ ಮಂಚದ ಬಳಿ ನರ್ಸ್ ಶಮೀಮ್ ಒಬ್ಬಳೇ. ಗೋಡೆಯಲ್ಲಿದ್ದ ಸೂಚನಾ ಫಲಕದ ಮೊದಲ ಸಾಲು ದಪ್ಪ ಅಕ್ಷರದಲ್ಲಿತ್ತು: ಎದೆಯ ಮೇಲೆ ಲೋಹ ಇರಬಾರದು. ಶಮೀಮ್ ಫಲಕ ನೋಡಿದಳು, ಕರಡಿಗೆ ನೋಡಿದಳು.

"ದೊಡ್ಡವ್ವಾ, ಇದನ್ನ ಕಸ್ತೂರಿ ಅಕ್ಕನ ಕೈಯಾಗ ಕೊಡ್ತೀರೇನು?"

"ಏನಂದಿ?"

ಕೇಳಬಾರದ್ದು ಕೇಳಿದೆನೆಂದು ಶಮೀಮ್‌ಗೆ ಅರ್ಥವಾಯಿತು. ದೋಣಿಗಟ್ಟಿಯಲ್ಲೇ ಹುಟ್ಟಿ ಬೆಳೆದವಳು. ಮೈಮೇಲಿನ ಲಿಂಗ ಮೈ ಬಿಟ್ಟು ಹೋಗುವುದಿಲ್ಲವೆಂದು ನೆರೆಮನೆಗಳಲ್ಲಿ ಕಂಡಿದ್ದಳು. ನೀಲಗಂಗವ್ವ ಶಿವದಾರ ಬಿಚ್ಚಿ, ಕರಡಿಗೆಯನ್ನು ಎಡ ಅಂಗೈಯಲ್ಲಿ ಹಿಡಿದು, ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡಳು.

"ಎದಿ ಮ್ಯಾಲೆ ಇಲ್ಲ ನೋಡವ್ವಾ. ಕೈಯಾಗದ."

ಶಮೀಮ್ ಪರದೆಯತ್ತ ತಿರುಗಿದಳು. ಹೃದಯದ ಚಿತ್ರ ಸ್ಪಷ್ಟವಾಗಿತ್ತು, ದೀಪ ಹಸಿರಾಗಿತ್ತು. ನೀಲಗಂಗವ್ವನ ಮೈಮೇಲೆ ಹೊದಿಕೆ ಎಳೆದು, "ಹಿಡ್ಕೊಂಡು ಆರಾಮ ಮಲ್ಕೊರ್ರಿ" ಎಂದಳು.

ಮಂಚದ ಮೇಲೊಂದು ಕ್ಯಾಮೆರಾ ಇತ್ತು. ಆದರೆ ಅದು ಗೋಡೆ ನೋಡುತ್ತಿತ್ತು. ಎದೆ ತೆರೆದು ಮಲಗುವ ಹೆಣ್ಣುಮಕ್ಕಳನ್ನು ಧಾರವಾಡದವರು ಯಾಕೆ ನೋಡಬೇಕೆಂದು ಮೊದಲ ವಾರವೇ ತಕರಾರು ಬಂದಿತ್ತು. ತಕರಾರು ನ್ಯಾಯವಾಗಿತ್ತು. ಹನ್ನೊಂದೂ ಮಂಚಗಳ ಕ್ಯಾಮೆರಾ ತಿರುಗಿಸಲಾಗಿತ್ತು.

ಧಾರವಾಡದ ಕೊಠಡಿಯಲ್ಲಿ ಏಟು ಹಾರಿಸುತ್ತಿದ್ದವನು ಡೆನಿಸ್ ಎಂಬ ಮಂಗಳೂರಿನ ಎಂಜಿನಿಯರ್. ಅವನಿಗೆ ದೋಣಿಗಟ್ಟಿಯ ಈ ರೋಗಿಯ ಮೇಲೆ ವಿಶೇಷ ಅಭಿಮಾನ.

"ನೋಡಿ ಮೇಡಂ, ಉಳಿದವರದ್ದು ನಾಡಿ ಕುದುರೆ ಓಡಿದ ಹಾಗೆ ಓಡ್ತದೆ. ಇವರು ಮಲಗಿದ ಕೂಡಲೇ ಇಳಿದು ಒಂದೇ ಸಮ. ಮೊದಲ ದಿನ ಹೀಗೆ ಇರಲಿಲ್ಲ. ಎಂಥ ಧೈರ್ಯ ಮಾರಾಯ್ರೆ."

"ಖಾನಾವಳಿ ನಡಸೋರು. ನಿನ್ನಂಥ ಎಷ್ಟು ಮಂದೀನ ಕಂಡಾರೋ," ಎಂದರು ಮಂದಾಕಿನಿ.

ಎರಡನೆಯ ಸುತ್ತೂ ಮುಗಿಯಿತು. ದಾಖಲೆಯಲ್ಲಿ ಒಂದು ಏಟೂ ತಪ್ಪಿರಲಿಲ್ಲ. ಸ್ಕ್ಯಾನ್ ಬಂದಾಗ ಇಬ್ಬರೂ ಪರದೆಯ ಮುಂದೆ ಕುಳಿತರು. ರಕ್ತವಿಲ್ಲದ ಭಾಗವನ್ನು ನೀಲಿಯಲ್ಲಿ ತೋರಿಸುವ ಚಿತ್ರ ಅದು. ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳಲಾಗದಷ್ಟು ಒಂದೇ ತೆರನಾಗಿತ್ತು.

ಡೆನಿಸ್ ಚಿತ್ರವನ್ನು ಮೇಲೆ ಸರಿಸಿದ. ಕೆಳಗಿನ ಖಾನೆಯಲ್ಲಿ ಯಂತ್ರವೇ ಎರಡು ಪದ ತುಂಬಿತ್ತು: ಸ್ಪಂದಿಸದ ರೋಗಿ.

ಎಲ್ಲರ ದೇಹವೂ ಅಲೆಗೆ ಚಿಗುರುವುದಿಲ್ಲ. ಮಂದಾಕಿನಿಗೆ ಅದು ಹೊಸದಲ್ಲ. ಸಂದೇಶ ಕಳಿಸಿ ಮುಗಿಸಬಹುದಿತ್ತು. ಆದರೆ ಚಿಕಿತ್ಸೆ ನಿಲ್ಲಿಸುವ ಮಾತನ್ನು ಫೋನಿನಲ್ಲಿ ಹೇಳಬಾರದೆಂಬುದು ಅವರು ತಮಗೇ ಹಾಕಿಕೊಂಡ ನಿಯಮ. ಮರುದಿನ ಬೆಳಗಿನ ಬಸ್ಸಿಗೆ ಹೊರಟರು.

ಖಾನಾವಳಿ ಇನ್ನೂ ತೆರೆದಿರಲಿಲ್ಲ. ಕಸ್ತೂರಿ ಬೆಂಚು ಒರೆಸುತ್ತಿದ್ದಳು. ಬೆಂಚಿನ ಮೇಲೆ ರೊಟ್ಟಿ ಮಾಡುವ ಯಂತ್ರದ ಬಣ್ಣದ ಕರಪತ್ರವಿತ್ತು.

"ಬರ್ರಿ ಡಾಕ್ಟರ್ ಬಾಯಾರ. ಅತ್ತಿ ಪೂಜಿಗೆ ಕುಂತಾರ. ಈಗ ಏಳ್ತಾರ, ಕೂಡ್ರಿ." ಅವಳು ಮುಖ ನೋಡಿ ದನಿ ತಗ್ಗಿಸಿದಳು. "ಫರಕ್ ಬಿದ್ದಿಲ್ಲ, ಹೌದಲ್ರಿ?"

"ನಿಮಗ ಹ್ಯಾಂಗ ಗೊತ್ತಾತು?"

"ನಡುವ ಸದ್ದು ನಿಲ್ಲತೈತ್ರಿ ಇನ್ನೂ. ಗುಳಿಗಿ ಇಟ್ಕೊಂಡು, ಅದ ರೊಟ್ಟಿ ಮುಗಿಸಿ ಏಳ್ತಾರ. ನಾ ಬಡೀತೀನಿ ಅಂದ್ರ ಅಂಚು ಒಡೀತಾವ ಅಂತಾರ. ಮಷಿನ್ ತರೂಣು ಅಂದ್ರ, 'ಮಷಿನ್ ರೊಟ್ಟಿ ತಿನ್ನೋರು ನಮ್ಮಲ್ಲಿಗ್ಯಾಕ ಬರ್ತಾರ, ಕಾರ್ಖಾನಿಗೆ ಹೋಗ್ತಾರ' ಅಂತಾರ. ಒಂದಿನ ಹಂಚಿನ ಮ್ಯಾಲೇ ಬಿದ್ದಾರೇನೋ ಅಂತ ನನಗ ಜೀವ ಇಲ್ಲ ನೋಡ್ರಿ."

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಮಣೆಯ ಮೇಲೆ ನೀಲಗಂಗವ್ವ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಕರಡಿಗೆಯಿಂದ ತೆಗೆದ ಇಷ್ಟಲಿಂಗ ಎಡ ಅಂಗೈಯಲ್ಲಿತ್ತು. ಅಂಗೈ ಎದೆಯ ಮುಂದೆ, ಮೊಳಕೈ ಪಕ್ಕೆಗೆ ಒತ್ತಿತ್ತು. ಎಡ ಭುಜ ತುಸು ಇಳಿದಿತ್ತು. ಕಣ್ಣು ಲಿಂಗದಲ್ಲಿ ನೆಟ್ಟು, ಉಸಿರು ಬಂದು ಹೋಗುವುದೇ ತಿಳಿಯುತ್ತಿರಲಿಲ್ಲ.

ಮಂದಾಕಿನಿ ಚಿಕ್ಕಂದಿನಿಂದ ನೂರು ಸಲ ಕಂಡ ನೋಟ. ಅಂದು ಅವರ ಕಣ್ಣು ಹೋದದ್ದು ಮೊಳಕೈಗೆ. ಆಮೇಲೆ ಡೆನಿಸ್‌ನ ಮಾತು ನೆನಪಾಯಿತು: ಮಲಗಿದ ಕೂಡಲೇ ಇಳಿದು ಒಂದೇ ಸಮ, ಮೊದಲ ದಿನ ಹೀಗೆ ಇರಲಿಲ್ಲ.

ಪೂಜೆ ಮುಗಿದು, ಲಿಂಗ ಕರಡಿಗೆ ಸೇರಿ, ವಿಭೂತಿ ಹಣೆಯ ನೀಲಗಂಗವ್ವ ಹೊರಬರುವವರೆಗೆ ಅವರು ಕಾದರು.

"ಅವ್ವಾರ, ಮಂಚದ ಮ್ಯಾಲೆ ಮಲಗಿದಾಗ ಲಿಂಗ ಎಲ್ಲಿರತಿತ್ತು?"

"ಕೈಯಾಗ. ಎದಿ ಮ್ಯಾಲೆ ಇಟ್ಟಿಲ್ರಿ, ಶಮೀಮನ್ನ ಕೇಳ್ರಿ. ಅಕಿ ತಪ್ಪಿಲ್ಲ ಇದರಾಗ."

"ಯಾರ ತಪ್ಪೂ ಅನ್ನಂಗಿಲ್ಲ. ಕೈ ಎಲ್ಲಿತ್ತು?"

ನೀಲಗಂಗವ್ವ ಇದೆಂಥ ಪ್ರಶ್ನೆ ಎಂಬಂತೆ ನೋಡಿದಳು. "ಲಿಂಗ ಹಿಡಿದ ಕೈ ಎಲ್ಲಿರತದ? ಹೊದಿಕಿ ಒಳಗ, ಎದಿ ಹಂತ್ಯಾಕ. ಅಷ್ಟೊತ್ತು ಸುಮ್ಮ ಬಿದ್ಕೊಂಡು ಏನ್ ಮಾಡ್ಲಿ? ಸ್ಮರಣಿ ಮಾಡ್ಕೋತ ಇದ್ದೆ."

ಮಂದಾಕಿನಿ ಅಲ್ಲೇ ನಿಂತು ಧಾರವಾಡಕ್ಕೆ ಫೋನ್ ಮಾಡಿದರು.

"ಡೆನಿಸ್, ನೀಲಗಂಗವ್ವನ ಕಚ್ಚಾ ದತ್ತಾಂಶ ತೆಗಿ. ಎಲುಬಿಗೆ ಬಡಿದು ವಾಪಸ್ ಬರೋ ಪ್ರತಿಧ್ವನಿ ನೋಡು."

"ಅದನ್ನು ಯಂತ್ರ ಗದ್ದಲ ಅಂತ ಸೋಸಿ ಬಿಸಾಡ್ತದಲ್ವಾ ಮೇಡಂ?"

"ಪರದೆಯಿಂದ ಬಿಸಾಡತದ. ಕಡತದಾಗ ಇರತದ. ಮೊದಲ ಸಲದ್ದು, ಎರಡನೇ ಸಲದ್ದು ಎರಡೂ ನೋಡಿ ಹೇಳು."

ಕಸ್ತೂರಿ ತಂದಿಟ್ಟ ಚಹಾ ಆರಿತು. ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಡೆನಿಸ್‌ನ ದನಿ ಬಂದಾಗ ಅದರಲ್ಲಿ ತಮಾಷೆ ಇರಲಿಲ್ಲ.

"ಮೊದಲ ದಿನ ಪ್ರತಿಧ್ವನಿ ಇಲ್ಲವೇ ಇಲ್ಲ ಅನ್ನಬಹುದು. ಎರಡನೇ ಸಲದಿಂದ ಪ್ರತಿಯೊಂದರಲ್ಲೂ ದೊಡ್ಡದಾಗಿ ಉಂಟು. ಅರ್ಧಕ್ಕಿಂತ ಹೆಚ್ಚು ಬಲ ಪಕ್ಕೆಲುಬಿಗೇ ಹೋಗಿದೆ. ಆದ್ರೆ ಚಿತ್ರ ಚೆನ್ನಾಗಿಯೇ ಇತ್ತಲ್ಲ ಮೇಡಂ?"

ತಪ್ಪಿನ ಬೇರು ಅಲ್ಲಿಯೇ ಇತ್ತು. ಕೈ ಮೇಲಿದ್ದಾಗ ಪಕ್ಕೆಲುಬುಗಳು ಬಿಚ್ಚಿಕೊಳ್ಳುತ್ತವೆ, ಕೆಳಗಿಳಿಸಿ ಒತ್ತಿಕೊಂಡಾಗ ಸಂದು ಕಿರಿದಾಗುತ್ತದೆ. ಚಿತ್ರ ತೆಗೆಯುವ ಧ್ವನಿಯ ಕಿರಣ ಬೆರಳಿನಷ್ಟು ಸಣ್ಣದು, ಕಿರಿದಾದ ಸಂದಿನಲ್ಲೂ ನುಸುಳಿ ಹೃದಯವನ್ನು ತೋರಿಸುತ್ತದೆ. ಆಘಾತ ಅಲೆ ಹೊರಡುವುದು ಅಂಗೈ ಅಗಲದ ಬಟ್ಟಲಿನಿಂದ. ಒಳಗೆ ಒಂದು ಬಿಂದುವಿನಲ್ಲಿ ಸೇರಬೇಕಾದರೆ ಅದಕ್ಕೆ ಅಗಲವಾದ ಕಿಟಕಿಯೇ ಬೇಕು. ಯಂತ್ರ ಗುರಿ ಕಂಡಿತ್ತು, ಏಟು ಹಾರಿಸಿತ್ತು, ಹಾರಿಸಿದ್ದನ್ನು ಬರೆದುಕೊಂಡಿತ್ತು. ತಲುಪಿತೇ ಎಂದು ಕೇಳುವ ಸಾಲನ್ನು ಯಾರೂ ಅದಕ್ಕೆ ಬರೆದಿರಲಿಲ್ಲ.

"ಅಂದ್ರ," ಎಂದಳು ಕಸ್ತೂರಿ, "ಇಷ್ಟ ದಿನ ಎಲುಬಿಗೇ ಬಡದ್ರಿ?"

"ಹೌದು. ಅವ್ವಾರ ದೇಹ ನಾಪಾಸ್ ಆಗಿಲ್ಲ. ನಾವು ಪರೀಕ್ಷಾನೇ ತಗೊಂಡಿಲ್ಲ."

ಮಂದಾಕಿನಿ ಆಸ್ಪತ್ರೆಯಲ್ಲಿ ಹೊಸದಾಗಿ ಮೊದಲ ಸುತ್ತಿನಿಂದ ಶುರುಮಾಡಲು ತಮ್ಮ ಜವಾಬ್ದಾರಿಯ ಮೇಲೆ ಒಪ್ಪಿಗೆ ಬರೆದರು. ತಲುಪದ ಏಟು ಚಿಕಿತ್ಸೆಯ ಲೆಕ್ಕಕ್ಕೆ ಬರುವುದಿಲ್ಲ ಎಂಬ ಅವರ ವಾದವನ್ನು ಮೇಲಿನವರು ಒಪ್ಪಿಕೊಂಡರು. ಮಧ್ಯಾಹ್ನವೇ ನೀಲಗಂಗವ್ವ ಮಂಚದ ಮೇಲಿದ್ದಳು. ಮುಖ್ಯವಾದ ತೊಡಕು ಎದುರಾದದ್ದು ಅಲ್ಲಿ. ಎಡಗೈ ಎತ್ತಿ ತಲೆಯ ಮೇಲೆ ಇಡಬೇಕು, ಅಲುಗಿಸಬಾರದು. ಕರಡಿಗೆಯನ್ನು ಬಲ ಭುಜಕ್ಕೆ ಸರಿಸೋಣವೆಂದರೆ ಶಮೀಮ್ ಫಲಕ ತೋರಿಸಿದಳು. ಮೊದಲ ದಿನ ದಾರ ಜಾರಿ ಕರಡಿಗೆ ಮತ್ತೆ ಮತ್ತೆ ಎದೆಗೆ ಬಂದಿತ್ತು, ಮಂದಾಕಿನಿ ಒಂದು ಕೈಯಲ್ಲಿ ಅದನ್ನು ಹಿಡಿದೇ ಕೆಲಸ ಮಾಡಿದ್ದರು. ಮುಂದಿನ ಸಲಗಳಲ್ಲಿ ಒಬ್ಬಳೇ ಇರುವ ಶಮೀಮ್‌ಗೆ ಎರಡೂ ಕೈ ಯಂತ್ರಕ್ಕೆ ಬೇಕು.

"ಬಲಗೈಯಾಗ ಹಿಡೀರಿ ಅವ್ವಾರ."

"ಬಲಗೈಗೆ ಇಸಿಜಿ ಚಿಮಟಿ ಅದ. ಅಲ್ಲದ ಲಿಂಗ ಹಿಡಿಯೋದು ಎಡಗೈ."

"ಹಂಗಾದ್ರ ಸ್ವಲ್ಪ ಹೊತ್ತು ಕಸ್ತೂರಿ..."

"ಬ್ಯಾಡ." ನೀಲಗಂಗವ್ವ ಎದ್ದು ಕುಳಿತಳು. ದನಿ ಏರಲಿಲ್ಲ. "ಡಾಕ್ಟರ್ ಬಾಯಾರ, ನೀವು ನನ್ನ ಸಲುವಾಗಿ ಇಷ್ಟು ದೂರ ಬಂದೀರಿ. ನಿಮ್ಮ ಮಾತು ತೆಗೆದ್ಹಾಕಬಾರದು. ಖರೆ ಇದು ಮೈಮ್ಯಾಲೆ ಇರೂತನಕ ನಾನು. ಇಲ್ಲಾಂದ್ರ ನಿಮ್ಮ ಮಷಿನ್ ಯಾರ ಎದಿ ರಿಪೇರಿ ಮಾಡತದ?"

ಧಾರವಾಡದಿಂದ ಸ್ಪೀಕರಿನಲ್ಲಿ ಡೆನಿಸ್ ಕೆಮ್ಮಿದ. ಸಾಲಿನಲ್ಲಿ ಮುಂದಿನ ರೋಗಿ ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದ. ಈ ಮಂಚದಿಂದ ಇಳಿದರೆ ನೀಲಗಂಗವ್ವನಿಗೆ ಉಳಿಯುವುದು ನಾಲಿಗೆಯಡಿಯ ಗುಳಿಗೆಯೊಂದೇ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ.

ಬಾಗಿಲಲ್ಲಿ ನಿಂತಿದ್ದ ಕಸ್ತೂರಿ ಒಳಬಂದಳು.

"ಅತ್ತಿ, ಕೈ ಮ್ಯಾಲೆತ್ತಬೇಕು ಅಂತಾರಲ್ಲ, ಲಿಂಗಾನೂ ಕೈ ಕೂಡ ಮ್ಯಾಲೆ ಹೋಗ್ಲಿ. ಎದಿ ಹಂತ್ಯಾಕನ ಇರಬೇಕಂತ ಎಲ್ಲಿ ಅದ? ನಮ್ಮ ತವರುಮನಿ ಮಠದ ಅಯ್ನೋರು ಲಿಂಗಾನ ರುಮಾಲಿನಾಗ, ತಲಿ ಮ್ಯಾಲೆ ಕಟ್ಕೋತಿದ್ರು."

ನೀಲಗಂಗವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ತಲಿ ಮ್ಯಾಲೆ ಹೊತ್ಕೊಳ್ಳೂದು ದೊಡ್ಡದು," ಎಂದಳು ಕೊನೆಗೆ. "ರೊಟ್ಟಿ ಅಂಚು ಒಡಕೊಂಡ್ರೂ ತಲಿ ಓಡತದ ನಿಂದು."

ಶಮೀಮ್ ಮಂಚದ ತಲೆಯ ಕಡೆ ದಿಂಬು ಏರಿಸಿ, ಎತ್ತಿದ ಅಂಗೈಗೆ ಹತ್ತಿಬಟ್ಟೆ ಸುತ್ತಿ, ಕರಡಿಗೆ ಜಾರದಂತೆ ಶಿವದಾರವನ್ನೇ ಮಣಿಕಟ್ಟಿಗೆ ಬಿಗಿದಳು. ನೀಲಗಂಗವ್ವ ಕಣ್ಣು ಮುಚ್ಚಿದಳು. ನಾಡಿ ಇಳಿದು ಒಂದೇ ಸಮವಾಯಿತು.

"ಪರೀಕ್ಷೆಯ ಏಟು ಹಾರಿಸ್ತಾ ಇದ್ದೇನೆ," ಎಂದ ಡೆನಿಸ್. ಸೋಸುವ ತಂತ್ರಾಂಶವನ್ನು ಅವನು ಕಿತ್ತುಹಾಕಿದ್ದ. "ಪ್ರತಿಧ್ವನಿ ಇಲ್ಲ. ಇಲ್ಲ. ಇಲ್ಲ. ಮೇಡಂ, ಎಲ್ಲ ಒಳಗೆ ಹೋಗ್ತಾ ಉಂಟು."

ಆ ವಾರ ಡೆನಿಸ್ ಹನ್ನೊಂದೂ ಮಂಚಗಳ ಕಚ್ಚಾ ಕಡತಗಳನ್ನು ತೆರೆದ. ಸ್ಪಂದಿಸದವರೆಂದು ಕೈಬಿಟ್ಟವರಲ್ಲಿ ಹೆಚ್ಚಿನವರು ಹೆಂಗಸರು. ಅದನ್ನು ಹಾರ್ಮೋನಿಗೂ ವಯಸ್ಸಿಗೂ ಗಂಟುಹಾಕಿ ವಿವರಿಸುವ ಒಂದು ಟಿಪ್ಪಣಿಯೂ ತಯಾರಾಗುತ್ತಿತ್ತು. ಕಡತಗಳು ಬೇರೆ ಮಾತು ಹೇಳಿದವು. ಒಬ್ಬರ ಹಿಂದೆ ಒಬ್ಬರಲ್ಲಿ ಅದೇ ಎಲುಬಿನ ಪ್ರತಿಧ್ವನಿ. ನರ್ಸ್‌ಗಳ ಮೂಲಕ ವಿಚಾರಿಸಿದಾಗ ಕಾರಣ ತಿಳಿಯಿತು. ಕೆಲವರು ಲಿಂಗ ಹಿಡಿದವರು. ಒಬ್ಬಾಕೆ ದರ್ಗಾದ ತಾಯಿತ ಹಿಡಿದಾಕೆ. ಉಳಿದ ಬಹುಪಾಲು ಮಂದಿ ಏನನ್ನೂ ಹಿಡಿದವರಲ್ಲ. ಹೊದಿಕೆ ಬಿದ್ದ ಕೂಡಲೇ ಎಡಗೈ ಇಳಿಸಿ ತೆರೆದ ಎದೆ ಮುಚ್ಚಿಕೊಂಡವರು, ಅಷ್ಟೇ.

"ಇವರ ದೇಹ ಸ್ಪಂದಿಸಲಿಲ್ಲ ಅಂತ ಬರೆದಿದ್ದೇವೆ," ಎಂದ ಡೆನಿಸ್.

"ಅಳಿಸು," ಎಂದರು ಮಂದಾಕಿನಿ. "ತಲುಪಿಲ್ಲ ಅಂತ ಬರಿ. ಎಲ್ಲರನ್ನೂ ವಾಪಸ್ ಕರಿ."

ಯಂತ್ರಕ್ಕೆ ಹೊಸ ಸಾಲೊಂದು ಸೇರಿತು. ಈಗ ಪ್ರತಿ ಏಟಿನ ಬಳಿಕ ಅದು ಎಲುಬಿನ ಪ್ರತಿಧ್ವನಿ ಅಳೆಯುತ್ತದೆ. ಹೆಚ್ಚಿದ್ದರೆ ನಿಲ್ಲುತ್ತದೆ. ಸೂಚನಾ ಫಲಕದ ಮೊದಲ ಸಾಲು ಬದಲಾಯಿತು: ಎಡಗೈ ತಲೆಯ ಮೇಲೆ. ಎದೆ ಮುಚ್ಚಲು ಕಿಟಕಿಯಷ್ಟೇ ತೆರೆದಿರುವ ಹತ್ತಿಯ ಕುಪ್ಪಸವನ್ನು ಶಮೀಮ್ ಹೊಲಿಸಿದಳು. ಅದು ಉಳಿದ ಹತ್ತು ತಾಲ್ಲೂಕಿಗೂ ಹೋಯಿತು. ಕ್ಯಾಮೆರಾಗಳು ಮಾತ್ರ ಗೋಡೆ ನೋಡುತ್ತಲೇ ಉಳಿದವು.

ನೀಲಗಂಗವ್ವನ ಹೊಸ ಸ್ಕ್ಯಾನ್ ಬಂದದ್ದು ಬೇಸಿಗೆ ಕಳೆದ ಮೇಲೆ. ನೀಲಿಯ ಅಂಚು ಹರಿದು, ಒಳಗೆಲ್ಲ ಕೆಂಪಿನ ಸಣ್ಣ ಎಳೆಗಳು ಹಬ್ಬಿದ್ದವು. ಪೂರ್ತಿ ಅಳಿದಿರಲಿಲ್ಲ, ಆದರೆ ನಡುಭಾಗದವರೆಗೂ ರಕ್ತ ಹೋಗಿತ್ತು. ಮಂದಾಕಿನಿ ಖಾನಾವಳಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. ಚಿತ್ರ ಹೇಳಿದ್ದನ್ನು ಮನುಷ್ಯರ ಬಾಯಲ್ಲೂ ಕೇಳಬೇಕಿತ್ತು.

ಎತ್ತಿದವಳು ಕಸ್ತೂರಿ. ಹಿಂದೆ ಬಸ್ಸಿನ ಹಾರ್ನ್, ತಾಟುಗಳ ಸದ್ದು.

"ನಿಮ್ಮತ್ತಿ ಅದಾರೇನು?" ಎಂದರು ಮಂದಾಕಿನಿ. "ನೋವು ಹ್ಯಾಂಗೈತಿ ಕೇಳ್ರಿ."

"ಅತ್ತಿ ಕೈಯಾಗ ಹಿಟ್ಟದ್ರಿ, ಫೋನ್ ಹಿಡಿಯಂಗಿಲ್ಲ. ನೀವ ಕೇಳ್ಕೊರ್ರಿ." ಅವಳು ಫೋನನ್ನು ಅಡುಗೆಮನೆಯೊಳಗೆ ಒಯ್ದಳು.

ಅಂಗೈ ಬೀಳುವ ಸದ್ದು ನಿಯಂತ್ರಣ ಕೊಠಡಿಯನ್ನು ತುಂಬಿತು. ಗಟ್ಟಿ, ಒಂದೇ ಸಮ, ಅವಸರವಿಲ್ಲ. ಹಿಟ್ಟು ಅಗಲವಾದಂತೆ ಸದ್ದು ತೆಳ್ಳಗಾಗುತ್ತ ಹೋಯಿತು. ಡೆನಿಸ್ ಕುರ್ಚಿ ಎಳೆದು ಹತ್ತಿರ ಬಂದ.

ಸದ್ದು ನಿಂತಿತು.

ಡೆನಿಸ್ ಮಂದಾಕಿನಿಯ ಮುಖ ನೋಡಿದ. ಅವರು ಬೆರಳೆತ್ತಿ, ತಡಿ ಎಂದು ಸನ್ನೆ ಮಾಡಿದರು.

ಚುರ್ ಎಂದಿತು. ಸ್ವಲ್ಪ ಹೊತ್ತಿಗೆ ಬಡಿತ ಮತ್ತೆ ಶುರುವಾಯಿತು.